ಮದುಮಗಳು ಬಾನೆಟ್ ಎತ್ತಿದ ದಿನ

ಇವತ್ತು ಐಮಂಗಲದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಮುಂದಿಟ್ಟ. ಅದರ ಮಸಿ, ಪೆಟ್ರೋಲಿನ ವಾಸನೆ ನನ್ನನ್ನು ಸೀದಾ ಸರೋಜತ್ತೆಯ ಮದುವೆಗೆ ಕರೆದೊಯ್ದವು.

ಅತ್ತೆ ನಮ್ಮಪ್ಪನ ತಂಗಿ. ಅವಳನ್ನು ಕರೆದೊಯ್ಯಲು ಹೊಸದುರ್ಗದಿಂದ ಗಂಡಿನ ತಂದೆಯೇ ತಮ್ಮ ಕಾರಿನಲ್ಲಿ ಯಲ್ಲದಕೆರೆಗೆ ಬಂದಿದ್ದರು. ನಾನು ಹಿಂದಿನ ಸೀಟಿನಲ್ಲಿ ಅತ್ತೆಗೆ ಒತ್ತಿಕೊಂಡು ಕೂತಿದ್ದೆ. ಅರ್ಧ ದಾರಿಯಲ್ಲಿ ಕಾರು ಎಳೆದೆಳೆದು ನಿಂತುಹೋಯಿತು. ಡ್ರೈವರ್ ಎಷ್ಟು ಕೀ ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ.

ಅತ್ತೆ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು.

“ಒಳಗೆ ಕುಂತ್ಕಳಮ್ಮ, ಮದುಮಗಳು ರೋಡಿಗಿಳಿಯೋದು ಚೆಂದಲ್ಲ,” ಎಂದರು ಗಂಡಿನ ತಂದೆ.

“ಕುಂತ್ರೆ ಮುಹೂರ್ತ ಮೀರ್ತೈತ್ರಿ ಮಾವ. ಪ್ಲಗ್ ಬಿಚ್ಚೋ ಪಾನಾ ಕೊಡ್ಸ್ರಿ.”

ನಮ್ಮಜ್ಜನ ಜೊತೆ ಅವನ ಹಳೆ ಜೀಪನ್ನು ಬಿಚ್ಚಿ ಜೋಡಿಸುತ್ತಲೇ ಬೆಳೆದವಳು ಅವಳು. ಪ್ಲಗ್ಗುಗಳ ಮಸಿಯನ್ನು ಬೆಂಕಿಪೊಟ್ಟಣದ ಒರಟು ಬದಿಗೆ ತಿಕ್ಕಿ ತೆಗೆದಳು. ಆಮೇಲೆ ಏರ್ ಫಿಲ್ಟರ್ ಬಿಚ್ಚಿ ಟೈರಿಗೆ ಬಡಿದಾಗ ಹಿಡಿ ಮಣ್ಣು ಉದುರಿತು.

“ಇದ್ರಾಗೆ ಧೂಳು ತುಂಬ್ಕಂಡ್ರೆ ಗಾಳಿ ಸಾಲಲ್ಲ, ಪೆಟ್ರೋಲ್ ಪೂರ್ತಿ ಉರಿಯಲ್ಲ, ಪ್ಲಗ್ಗಿಗೆ ಮಸಿ ಕಟ್ತೈತೆ. ಆಗಾಗ ಝಾಡಿಸ್ತಿರಣ್ಣ,” ಎಂದಳು ಡ್ರೈವರಿಗೆ.

ಕಾರು ಸ್ಟಾರ್ಟ್ ಆಯಿತು. ಆದರೆ ಮಾವ ದಾರಿಯುದ್ದಕ್ಕೂ ಅತ್ತೆಯ ಕೈಯನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಅತ್ತೆ ಮಸಿಯ ಕೈಯಲ್ಲೇ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಛತ್ರದ ಬಾಗಿಲಲ್ಲಿ ಅವರು ಇಳಿದವರೇ ಆರತಿ ಹಿಡಿದು ನಿಂತಿದ್ದ ಹೆಂಡತಿಗೆ, “ಮೊದ್ಲು ಸೊಸೆಗೆ ಕೈ ತೊಳೆಯಾಕೆ ಸೋಪು ಕೊಡು. ಇವತ್ತು ನಮ್ಮನ್ನ ಕರ್ಕಂಬಂದಿದ್ದು ಅವಳೇ,” ಎಂದರು.

ನನ್ನ ಕಾರು ರಿಪೇರಿಯಾಯಿತು, ಅತ್ತೆಯ ಮನೆಗೇ ಹೊರಟಿದ್ದೇನೆ. ಆ ಮನೆಯಲ್ಲಿ ಕಾರಿನ ಕೀ ಇವತ್ತಿಗೂ ಇರುವುದು ಅವಳ ಹತ್ತಿರವೇ.