ಕಡೆಸಾಲಿನ ಅತ್ತಿಗೆ

ಬೆಳಕು ಹರಿಯುವ ಹೊತ್ತಿಗೆ ಹಾಲಿನ ವ್ಯಾನು ಹೊರಟುಹೋಗಿದೆ. ಮುಂದಿನ ಸಾಲಿನ ಹಸುಗಳು ಮೆಲುಕು ಹಾಕುತ್ತ ಮಲಗಿವೆ. ಈಗ ಕೊಟ್ಟಿಗೆಯ ಕಡೆಯ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಕೆಲಸ ಶುರುವಾಗುತ್ತದೆ. ಕೆಂದಿ ಎಂಬ ಹಸುವಿನ ಮೊಲೆತೊಟ್ಟುಗಳನ್ನು ಒರೆಸಿ, ಮೊದಲ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ, ಬಗ್ಗಿ ನೋಡುತ್ತಾರೆ. ಕೆಚ್ಚಲು ಬಾತಾಗ ಹಾಲಿನಲ್ಲಿ ಬರುವ ಹೆಪ್ಪಿನ ಚೂರು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಇಂದು ಕಾಣುತ್ತಿಲ್ಲ.

ಮನೆಮಂದಿಗೆಲ್ಲ ಇವರು ಕಡೆಸಾಲಿನ ಅತ್ತಿಗೆ. ಕೆಚ್ಚಲುಬಾವಿನ ಹಸುಗಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಬೇಕು, ಹಿಂಡಿದ ಕೈ ಬೇರೆ ಕೆಚ್ಚಲಿಗೆ ತಾಗಬಾರದು. ಆ ಕೆಲಸ ಇವರದು. ಔಷಧಿನೀರಿಗೆ ಬೆರಳುಗಳು ಬಿರಿದಿವೆ. ಎಲ್ಲರಿಗಿಂತ ಕಡೆಗೆ ಕೆಲಸ ಮುಗಿಸುವ ಇವರ ಪಾಲಿಗೆ ಬಿಸಿ ತಿಂಡಿಯಿಲ್ಲ. ಹಿಂಡಿದ ಹಾಲು ಯಾರ ಮನೆಗೂ ಹೋಗದೆ ಗುಂಡಿ ಸೇರುತ್ತದೆ. ಚೆಲ್ಲುವ ಹಾಲನ್ನು ಇಷ್ಟು ಶ್ರದ್ಧೆಯಿಂದ ಹಿಂಡುವ ಕೈಯನ್ನು, ಈ ಕೊಟ್ಟಿಗೆ ನೋಡಲು ಬಂದ ನಾನು ಬೇರೆಲ್ಲೂ ಕಂಡಿಲ್ಲ. ಪೂಜೆ ಎಂದರೆ ಇದೇ ಇರಬೇಕು.

ಹಿಂದೊಮ್ಮೆ ಔಷಧಿ ಕೊಟ್ಟ ಮೇಲೆ ಕೆಂದಿಯ ಹಾಲು ತಿಳಿಯಾಯಿತು. ಮೈದುನ ಖುಷಿಯಿಂದ ಅವಳನ್ನು ಮುಂದಿನ ಸಾಲಿಗೆ ಕಟ್ಟಿದ. ಅಕ್ಕಪಕ್ಕದ ಹಸುಗಳ ಕೆಚ್ಚಲೂ ಬಾತು, ಕೆಂದಿಯ ಜೊತೆ ಅವೂ ಕಡೆಸಾಲು ಸೇರಿದವು.

"ವಾಸಿಯಾಯ್ತು ಅಂದೋನು ನಾನೇ," ಎಂದು ಅವನು ತಲೆ ಕೆರೆದುಕೊಳ್ಳುತ್ತಾನೆ. "ಆವತ್ತಿಂದ ಅತ್ತಿಗೆ ಆ ಮಾತನ್ನೇ ಇಲ್ಲಿ ಆಡೋಕೆ ಬಿಡಲ್ಲ. ರೋಗ 'ಸುಮ್ಮನಿದೆ' ಅನ್ನಬೇಕಂತೆ."

"ಮತ್ತೆ? ಹಾಲು ನೋಡಿ ಕುಣಿದೆಯಲ್ಲ, ಒಳಗೆ ಇಣುಕಿದ್ಯಾ?" ಅತ್ತಿಗೆ ಗದರುತ್ತಾರೆ.

ಪಕ್ಕದಲ್ಲೇ ನಿಂತ ಪಶುವೈದ್ಯೆ ನಗುತ್ತ ವಿವರಿಸುತ್ತಾರೆ: "'ಸುಮ್ಮನಿದೆ' ಅನ್ನೋದು ಸರಿಯಾಗೇ ಇದೆ. ರೋಗಾಣು ಕೆಚ್ಚಲಿಗೆ ಬಂದರೆ ರಕ್ತದ ಬಿಳಿಕಣಗಳು ಅದನ್ನ ನುಂಗ್ತವೆ. ಈ ಜಾತೀದು ನುಂಗಿದ ಮೇಲೂ ಸಾಯಲ್ಲ. ಆ ಕಣದೊಳಗೇ ಅಡಗಿರುತ್ತೆ. ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ. ಕಣ ಸತ್ತು ಒಡೆದಾಗ ಮತ್ತೆ ಹೊರಗೆ ಬರುತ್ತೆ."

"ಕಳ್ಳ ಪೊಲೀಸ್ ಠಾಣೇಲೇ ಬಾಡಿಗೆಗಿದ್ದ ಹಾಗೆ!" ಎನ್ನುತ್ತಾನೆ ಮೈದುನ.

"ನಿನ್ನ ಹಾಗೆ. ತಿನ್ನೋದು ಇಲ್ಲೇ, ಕೆಡಿಸೋದೂ ಇಲ್ಲೇ," ಎಂದು ಅತ್ತಿಗೆ ಛೇಡಿಸುತ್ತಾರೆ.

ಕಾಯಿಲೆಯವರ ಮಗ್ಗುಲಲ್ಲಿ ಕೂತು ಕಾದವರಿಗೆ 'ಸುಮ್ಮನಿದೆ' ಎಂಬ ಮಾತಿನ ಭಾರ ಗೊತ್ತು. ದೇವರು ಅಷ್ಟನ್ನೇ ಕೊಡುವ ದಿನಗಳಿರುತ್ತವೆ.

ಇಂದು ವೈದ್ಯೆ ಬಂದಿರುವುದು ಕೆಂದಿಯ ಹಾಲಿನ ಪರೀಕ್ಷೆಯ ಫಲ ಹೇಳಲು. ರೋಗಾಣು ಮತ್ತೆ ಸಿಕ್ಕರೆ ಹಸುವನ್ನು ಕಟುಕರಿಗೆ ಕೊಡುವುದೆಂದು ಮಾವ ಹೇಳಿಬಿಟ್ಟಿದ್ದಾರೆ. ಕೆಂದಿಯನ್ನು ಕರುವಾಗಿದ್ದಾಗಿನಿಂದ ಬೆಳೆಸಿದವರು ಅತ್ತಿಗೆ.

"ಮೂರು ತೊಟ್ಟಿನ ಹಾಲು ಶುದ್ಧ. ಹಿಂದಿನ ಎಡಗಡೇದರಲ್ಲಿ ಮಾತ್ರ ಇದೆ," ಎನ್ನುತ್ತಾರೆ ವೈದ್ಯೆ.

ಅತ್ತಿಗೆ ಬಟ್ಟಲು ಕೆಳಗಿಟ್ಟು ಬಾಗಿಲಲ್ಲಿ ನಿಂತ ಮಾವನ ಕಡೆ ತಿರುಗುತ್ತಾರೆ. "ಮಾವಯ್ಯ, ಆ ಒಂದು ತೊಟ್ಟನ್ನ ಪೂರ್ತಿ ಬತ್ತಿಸಿಬಿಡೋಣ. ಮೂರರಲ್ಲೇ ಹಾಲು ಕೊಡ್ತಾಳೆ. ನನ್ನ ಸಾಲಲ್ಲೇ ಇರಲಿ, ನಾನೇ ನೋಡ್ಕೋತೀನಿ."

ಮಾವ ವೈದ್ಯೆಯ ಮುಖ ನೋಡುತ್ತಾರೆ. ಹಾಗೆ ಮಾಡಬಹುದು ಎಂದು ವೈದ್ಯೆ ತಲೆಯಾಡಿಸುತ್ತಾರೆ.

"ಇರಲಿ ಬಿಡಮ್ಮ," ಎಂದು ಮಾವ ಹೊರಟುಹೋಗುತ್ತಾರೆ.

ಅತ್ತಿಗೆ ಕೆಂದಿಯ ಕತ್ತು ನೇವರಿಸುತ್ತಾರೆ. ಮುಂದಿನ ಸಾಲಿನಲ್ಲಿ ಕೆಲಸ ಮಾಡುವ ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ಅಲ್ಲಿ ಈಗ ಒಂದು ಹಸುಗೂ ಬಾವಿಲ್ಲ, ನೋಡಿದ್ರಲ್ಲ," ಎನ್ನುತ್ತಾರೆ. "ಈ ಕೈಲಿ ಅವನ್ನ ನಾನು ಮುಟ್ಟೇ ಇಲ್ಲ. ನಾನು ಅವಕ್ಕೆ ಮಾಡಿರೋ ಸೇವೆ ಅದು."