ಒಬ್ಬಳಿಗೇ ಯಾಕೆ ಹಾಲಿಲ್ಲದ ಟೀ?

"ಬೆಳಗಾನೆ ಎದ್ದು ಸಾವ್ ಮನೆ ಕಾಪಿ ಕುಡಿತಾವ್ಳೆ. ಮಗು ಎಂಗೆ ಬರ್ತದೆ, ನೀನೇ ಸೊಲ್ಲು!"

ಕಳೆದ ಭಾನುವಾರ ತಮಿಳುನಾಡಿನ ಚಿನ್ನಮನೂರಿನಲ್ಲಿ, ನಾನು ಚಪ್ಪಲಿ ಬಿಡುವ ಮೊದಲೇ ಚಿಕ್ಕಮ್ಮನ ದೂರು ಶುರುವಾಯಿತು.

ಸೊಸೆ ಕವಿತಾ ಕುಡಿಯುತ್ತಿದ್ದದ್ದು ಗ್ರೀನ್ ಟೀ. ಆದರೆ ತಮಿಳು ಬೆರೆಸಿ ಕನ್ನಡ ಆಡುವ ಕಂಬಂ ಕಣಿವೆಯ ನಾವು ಹಸು ಕಟ್ಟಿದ ಮನೆಯವರು. ಹಾಲು ಹಾಕದ ವರಕಾಪಿ ಕಾಯಿಸುವುದು ಸಾವಿನ ಮನೆಯಲ್ಲಿ ಮಾತ್ರ. (ಹಿಂದಿನಿಂದಲೂ ಹೀಗೆಯೇ ಇತ್ತೇ? ನನ್ನ ನೆನಪು ಹೌದು ಎನ್ನುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.)

ಕವಿತಾಳಿಗೆ ಮುಟ್ಟು ಸರಿಯಾಗಿ ಆಗುವುದಿಲ್ಲ. ಪಿಸಿಓಡಿ. ಮದುವೆಯಾಗಿ ವರ್ಷಗಳಾದರೂ ಮಗುವಿಲ್ಲ. ಗ್ರೀನ್ ಟೀ ಗರ್ಭಕೋಶಕ್ಕೆ ಒಳ್ಳೆಯದೆಂದು ಯಾವುದೋ ವಿಡಿಯೋ ಹೇಳಿತಂತೆ.

"ಕುಡೀಲಿ ವಿಡಮ್ಮಾ. ನಾನೇ ಬೋಡಿ ಪೇಟೆಯಿಂದ ಕಾಸು ಕೊಟ್ಟು ವಾಂಗಿ ತಂದಿದ್ದು," ಎಂದ ಅವಳ ಗಂಡ ಸೆಂದಿಲ್. ಅವನ ಕೈಯಲ್ಲಿ ನೊರೆ ತುಂಬಿದ ಹಾಲು ಕಾಫಿ!

ಗ್ರೀನ್ ಟೀ ನಿಜಕ್ಕೂ ಒಳ್ಳೆಯದೇ ಎಂದು ಕೇಳಲು ಡಾಕ್ಟರ್ ಗೆಳತಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಸ್ವಲ್ಪ ಸಹಾಯ ಆಗಬಹುದು ಅಂತಾರೆ. ಖಚಿತವಾಗಿ ಹೇಳೋಕೆ ಇನ್ನೂ ಆಗಲ್ಲ. ಮಿತವಾಗಿ ಕುಡೀಲಿ, ಕಬ್ಬಿಣದ ಮಾತ್ರೆ ಜೊತೆ ಮಾತ್ರ ಬೇಡ. ಅದೆಲ್ಲ ಇರಲಿ, ಗಂಡನಿಗೆ ಟೆಸ್ಟ್ ಆಯ್ತಾ?"

ಕವಿತಾ ನುಂಗಿದ ಮಾತ್ರೆಗಳೆಷ್ಟು, ಮಾಡಿಸಿದ ಸ್ಕ್ಯಾನ್‌ಗಳೆಷ್ಟು! ಈ ಪ್ರಶ್ನೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅಥವಾ ಹೊಳೆದೂ ಕೇಳಿರಲಿಲ್ಲವೇ?

"ನಂಗೇನಾಗೈತೆ ಅಕ್ಕಾ? ಚೆನ್ನಾಗೇ ಇದೀನಲ್ಲ," ಎಂದ ಸೆಂದಿಲ್.

ಅವನು ನನ್ನತ್ತ ನೋಡುತ್ತಿದ್ದ. ಚಿಕ್ಕಮ್ಮ ಎದ್ದು ಬಂದು ಅವನ ಕೈಯಿಂದ ಕಾಫಿ ಲೋಟ ಕಿತ್ತುಕೊಂಡರು. ಒಳಗಿನಿಂದ ಇನ್ನೊಂದು ಲೋಟ ಗ್ರೀನ್ ಟೀ ತಂದು ಅವನ ಮುಂದೆ ಇಟ್ಟರು.

"ಸಾವ್ ಮನೇಲೂ ಒಬ್ಬರಿಗೇ ವರಕಾಪಿ ಕೊಡಾಕಿಲ್ಲ ಕಣಪ್ಪಾ. ಎಲ್ಲಾರೂ ಒಂದಾಗಿ ಕುಡಿತಾರೆ. ಕುಡಿ!"

ಸೆಂದಿಲ್ ಒಂದು ಗುಟುಕು ಕುಡಿದು ಮುಖ ಕಿವುಚಿದ. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಕವಿತಾ ತಲೆಯೆತ್ತಿದಳು. ನಕ್ಕಳು ಅಂತ ನನ್ನ ನೆನಪು. ಕಣ್ಣು ಒರೆಸಿಕೊಂಡಿದ್ದೂ ಇರಬಹುದು.

"ಇದು ಕುಡಿಯಾದು ಸುಲಭ ಮಾಮಾ. ಟೆಸ್ಟಿಗೆ ಲ್ಯಾಬಿಗೆ ಎಂದು ಹೋಗಾದು?" ಗಂಡನನ್ನೇ ಕೇಳಿದಳು.

ಸೆಂದಿಲ್ ಟೀ ಊದಿ ಆರಿಸುವುದರಲ್ಲಿ ಮಗ್ನನಾದ.

ಗಂಡಸರಿಗೆ ಧೈರ್ಯ ಬರಿಸುವ ಟೀ ಯಾವುದೆಂದು ಯಾರೂ ಯಾಕೆ ವಿಡಿಯೋ ಮಾಡಿಲ್ಲ?