ಕರೆಂಟ್ ಬರ್ಲಿ, ಹೇಳ್ತೀನಿ

ನಮ್ಮ ಟ್ಯೂಷನ್ ಮೇಷ್ಟ್ರು ಮಾತಾಡಿದರೆ ಜಗಳವಾಡಿದಂತೆ ಕೇಳಿಸುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ತುಂಬ ಪವರ್‌ಲೂಮುಗಳು. ಆ ಮಗ್ಗಗಳ ಸದ್ದಿನಲ್ಲಿ ಬೆಳೆದವರೆಲ್ಲ ಕಿರುಚಿಯೇ ಮಾತಾಡುವುದು, ಅವರೂ ಅಷ್ಟೇ.

ವಿಶ್ವ ಹಿಗ್ಗುತ್ತಿರುವುದನ್ನು ತೋರಿಸಲು ಚುಕ್ಕಿಯಿಟ್ಟ ಬಲೂನೊಂದನ್ನು ಊದುತ್ತಿದ್ದರು. ಆಮೇಲೆ ಮೆಲ್ಲಗೆ ಗಾಳಿ ಬಿಡುತ್ತಾ, "ಹಿಂಗೇ ಹಿಂದಕ್ಕೆ ಹೋಗ್ರಪ್ಪಾ, ಹಿಂದಕ್ಕೆ" ಎನ್ನುತ್ತಿದ್ದರು. ಕೊನೆಗೆ ಬಲೂನು ಅಂಗೈಯಲ್ಲಿ ಮುದುಡಿ ಬೀಳುತ್ತಿತ್ತು.

"ಅದಕ್ಕೂ ಮುಂಚೆ ಏನಿತ್ತು ಸಾರ್?"

"ಇನ್ನೂ ಯಾರಿಗೂ ಗೊತ್ತಿಲ್ಲ!" ಹಬ್ಬದ ಸುದ್ದಿ ಹೇಳಿದಷ್ಟು ಖುಷಿ ಅವರಿಗೆ.

ಒಂದು ಮಧ್ಯಾಹ್ನ ಅವರು ಹಾಗೆ ಕೂಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. "ಯಾರಿಗೂ ಗೊತ್ತಿಲ್ಲ!" ಎಂಬುದು ಬೀದಿಗೆಲ್ಲ ಕೇಳಿಸಿತು.

"ಗೊತ್ತಿಲ್ದಿರೋದನ್ನ ನಾನೇ ಹೇಳ್ಕೊಡ್ತೀನಿ ಬಿಡಿ ಮೇಷ್ಟ್ರೇ!" ಎಂದು ಪಕ್ಕದ ಮಗ್ಗದ ಶೆಡ್ಡಿನಿಂದ ಒಂದು ದನಿ ಬಂತು. ಬೀದಿಗೆ ಬೀದಿಯೇ ನಕ್ಕಿತು. ಆ ದನಿ ನಮ್ಮಪ್ಪನದು. ನನಗೆ ತಲೆಯೆತ್ತಲಾಗಲಿಲ್ಲ.

ಮೇಷ್ಟ್ರು ಬಲೂನನ್ನು ಜೇಬಿಗಿಟ್ಟುಕೊಂಡರು. "ಪುಸ್ತಕ ತೆಗೀರಿ" ಎಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅದೇ ಮೊದಲ ಸಲ ಕೇಳಿದ್ದು.

ಆಮೇಲೆ ಕರೆಂಟಿಲ್ಲದಾಗ ಯಾರಾದರೂ ಅದೇ ಪ್ರಶ್ನೆ ಕೇಳಿದರೆ, "ಕರೆಂಟ್ ಬರ್ಲಿ, ಹೇಳ್ತೀನಿ" ಎನ್ನುತ್ತಿದ್ದರು. ಮಗ್ಗಗಳು ಶುರುವಾದ ಮೇಲೆ ಅವರ ತುಟಿಗಳು ಅಲುಗುತ್ತಿದ್ದವು. ಮೊದಲಿನಂತೆ ಕಿರುಚುತ್ತಿರಲಿಲ್ಲವಾದ್ದರಿಂದ ಏನೂ ಕೇಳಿಸುತ್ತಿರಲಿಲ್ಲ. ಹುಡುಗರೆಲ್ಲ ಅವರ ತುಟಿ ನೋಡಿಯೇ ಉತ್ತರ ತಿಳಿದುಕೊಳ್ಳುತ್ತಿದ್ದರು.

ನಾನು ಮಾತ್ರ ಪುಸ್ತಕ ನೋಡುತ್ತಿದ್ದೆ.